ಬೀಜದಿಂದ ಎದ್ದ ದೇವಕಣಗಿಲೆಗೆ ಹೆಸರಿಡುವ ಹಕ್ಕು ಯಾರಿಗಿದೆ?

ತಾರಸಿತೋಟ, ಮೈಸೂರು (ಮೇ 18)

ಎಲ್ಲರಿಗೂ ನಮಸ್ಕಾರ. ಆರು ವರ್ಷಗಳ ಹಿಂದೆ ನಮ್ಮ ಬೀದಿಯ ಕೊನೆಯಲ್ಲಿರುವ ದೇವಸ್ಥಾನದ ದೇವಕಣಗಿಲೆ ಮರದಲ್ಲಿ, ಎತ್ತಿನ ಕೊಂಬುಗಳಂತೆ ಎರಡು ಕಡೆಗೆ ಚಾಚಿಕೊಂಡಿದ್ದ ಕಾಯಿಯೊಂದನ್ನು ಕಂಡೆ. ಈ ಮರ ಕಾಯಿ ಬಿಡುತ್ತದೆಂಬುದೇ ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಅರ್ಚಕರ ಅನುಮತಿ ಪಡೆದು, ಕಾಯಿ ಬಿರಿದು ಬೀಜ ಗಾಳಿಗೆ ಹಾರಿಹೋಗದಂತೆ ಹಳೆಯ ಬನಿಯನ್ನಿನ ತುಂಡನ್ನು ಅದಕ್ಕೆ ಕಟ್ಟಿ, ಒಂಬತ್ತು ತಿಂಗಳು ಕಾದೆ. ಒಂದು ತುದಿಗೆ ತೆಳುವಾದ ಕಂದು ರೆಕ್ಕೆ ಅಂಟಿಕೊಂಡಿದ್ದ 38 ಬೀಜಗಳು ಸಿಕ್ಕವು. ಅವುಗಳಲ್ಲಿ 21 ಮೊಳೆತು, ಕೊನೆಗೆ ಒಂಬತ್ತು ಸಸಿಗಳು ಉಳಿದವು. ಈ ತಿಂಗಳು, ಬಿತ್ತಿದ ಐದನೆಯ ವರ್ಷದಲ್ಲಿ, ನಾಲ್ಕನೆಯ ಕುಂಡದ ಗಿಡ ಮೊದಲ ಬಾರಿಗೆ ಹೂ ಬಿಟ್ಟಿದೆ.

ತಾಯಿ ಮರದ ಹೂ ನಮ್ಮೆಲ್ಲರಿಗೂ ಪರಿಚಿತವಾದ ಬಿಳಿ ಹೂ, ಒಳಗಡೆ ಹಳದಿ. ಮಗಳ ಹೂ ಹಾಗಿಲ್ಲ. ಮೊಗ್ಗು ಸುರುಳಿಯಾಗಿರುವಾಗ ಒಂದು ಪಕ್ಕ ಗುಲಾಬಿ ಗೆರೆ ಕಾಣುತ್ತದೆ. ಅರಳಿದ ಮೇಲೆ ಅದೇ ಗೆರೆ ಪ್ರತಿ ಎಸಳಿನ ಅಂಚಿನಲ್ಲಿ ಕುಂಕುಮ ತಾಗಿದ ಬೆರಳಿನಿಂದ ಸವರಿದಂತೆ ಉಳಿಯುತ್ತದೆ. ಗಂಟಲಿನ ಬಣ್ಣ ಅಚ್ಚ ಅರಿಶಿನ. ಸಂಜೆ ಏಳರ ನಂತರ ಮೂಗಿನ ಹತ್ತಿರ ಹಿಡಿದರೆ ನಿಂಬೆಯ ಸಿಪ್ಪೆಯನ್ನು ಉಗುರಿನಿಂದ ಗೀರಿದಾಗ ಬರುವ ವಾಸನೆ ಬರುತ್ತದೆ.

ಇದಕ್ಕೆ ನಮ್ಮ ಅಜ್ಜಿಯ ಹೆಸರಿಡಬೇಕೆಂದು ನನ್ನ ಆಸೆ. ಸ್ಮಶಾನದ ಗಿಡವೆಂದು ಅವರು ಇದನ್ನು ಜೀವಮಾನವಿಡೀ ಅಂಗಳಕ್ಕೆ ಸೇರಿಸಿರಲಿಲ್ಲ ಎಂಬುದು ಬೇರೆ ಮಾತು. ಹಾಗೆ ಹೆಸರಿಡಲು ನನಗೆ ಅಧಿಕಾರವಿದೆಯೇ, ಇಟ್ಟರೆ ಅದನ್ನು ಯಾರಾದರೂ ಒಪ್ಪುತ್ತಾರೆಯೇ?

ಇನ್ನೊಂದು ಸಂದೇಹವೂ ಇದೆ. ಎರಡು ವರ್ಷಗಳ ಹಿಂದೆ ಒಂದು ನರ್ಸರಿಯಿಂದ ‘ಅಜ್ಟೆಕ್ ಗೋಲ್ಡ್’ ಎಂಬ ಚೀಟಿ ಇದ್ದ ಕಸಿ ಗಿಡವನ್ನು ತಂದಿದ್ದೆ. ಹಳದಿ ಹೂ ಬರಬೇಕಾಗಿತ್ತು, ಆದರೆ ಬಂದದ್ದು ಕಡು ಗುಲಾಬಿ. ಕೇಳಿದರೆ, ಮುಂದಿನ ವರ್ಷ ಬಣ್ಣ ತಿರುಗುತ್ತದೆ ಎಂದರು. ಬಣ್ಣ ಹಾಗೆ ತಿರುಗುವುದುಂಟೇ?

ಧಾರವಾಡದ ಮೇಷ್ಟ್ರು (ಮೇ 18)

ಮೈಸೂರಿನವರಿಗೆ ಮೊದಲು ಅಭಿನಂದನೆಗಳು. ಬೀಜದಿಂದ ಹೂವಿನವರೆಗೆ ಐದು ವರ್ಷ ಕಾಯುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ಹೆಸರಿನ ವಿಷಯಕ್ಕೆ ಬರುವ ಮೊದಲು, ಈ ಗಿಡದ ಮೇಲೆ ಈಗಾಗಲೇ ಎಷ್ಟು ಹೆಸರುಗಳ ಹೊರೆ ಇದೆಯೆಂಬುದನ್ನು ನೋಡೋಣ. ಪ್ಲುಮೇರಿಯಾ ಎಂಬ ಕುಲನಾಮ ಬಂದದ್ದು ಚಾರ್ಲ್ಸ್ ಪ್ಲುಮಿಯೇ ಎಂಬ ಫ್ರೆಂಚ್ ಸಂನ್ಯಾಸಿಯಿಂದ. 1646ರಲ್ಲಿ ಹುಟ್ಟಿ 1704ರಲ್ಲಿ ತೀರಿಕೊಂಡ ಆತ, ಕೆರಿಬಿಯನ್ ದ್ವೀಪಗಳಲ್ಲಿ ಸಸ್ಯಗಳನ್ನು ಹುಡುಕುತ್ತಾ ಅಲೆದವನು. ಫ್ರಾಂಜಿಪಾನಿ ಎಂಬ ಇನ್ನೊಂದು ಹೆಸರು ಇಟಲಿಯ ಒಂದು ಮನೆತನದ್ದು. ಆ ಮನೆತನದ ಹೆಸರಿನಲ್ಲಿ ಕೈಗವಸುಗಳಿಗೆ ಪೂಸುವ ಸುಗಂಧವೊಂದು ಯುರೋಪಿನಲ್ಲಿ ಮೊದಲೇ ಪ್ರಸಿದ್ಧವಾಗಿತ್ತು. ಈ ಹೂವನ್ನು ಮೂಸಿದವರಿಗೆ ಅದು ನೆನಪಾಯಿತು. ಅಂದರೆ ಇಲ್ಲಿ ಅತ್ತರಿಗೆ ಹೂವಿನ ಹೆಸರು ಬಂದಿಲ್ಲ, ಹೂವಿಗೇ ಅತ್ತರಿನ ಹೆಸರು ಬಂದಿದೆ.

ಈಗ ನಮ್ಮ ಕನ್ನಡದ ಹೆಸರುಗಳನ್ನು ಗಮನಿಸಿ. ದೇವಕಣಗಿಲೆ ಎಂದವರು ಗಿಡದ ಹಾಲನ್ನೂ ಹೂವಿನ ತಿರುಚಿದ ಎಸಳುಗಳನ್ನೂ ನೋಡಿ ಹೆಸರಿಟ್ಟಿರಬೇಕು. ಕಣಗಿಲೆ ಮತ್ತು ಈ ಗಿಡ ನಿಜವಾಗಿಯೂ ಒಂದೇ ಸಸ್ಯಕುಟುಂಬಕ್ಕೆ ಸೇರಿವೆ. ಹಾಲುಸಂಪಿಗೆ, ಗೋಸಂಪಿಗೆ, ಕಾಡುಸಂಪಿಗೆ ಎಂದವರು ಸುವಾಸನೆಯನ್ನು ಹಿಡಿದುಕೊಂಡು ಹೊರಟವರು, ಏಕೆಂದರೆ ಸಂಪಿಗೆಗೂ ಇದಕ್ಕೂ ಸಂಬಂಧವೇ ಇಲ್ಲ. ಸಂಪಿಗೆ ಇಂದು ಮ್ಯಾಗ್ನೋಲಿಯಾ ಕುಲದಲ್ಲಿದೆ. ತಮಾಷೆಯೆಂದರೆ, ಪಿಯರ್ ಮ್ಯಾಗ್ನೋಲ್ ಎಂಬ ಸಸ್ಯವಿಜ್ಞಾನಿಯ ಗೌರವಾರ್ಥವಾಗಿ 1703ರಲ್ಲಿ ಮ್ಯಾಗ್ನೋಲಿಯಾ ಎಂಬ ಹೆಸರನ್ನು ಕೊಟ್ಟವನು ಇದೇ ಪ್ಲುಮಿಯೇ! ಸಂಪಿಗೆಯ ಕುಲಕ್ಕೆ ಹೆಸರು ಕೊಟ್ಟವನ ಹೆಸರೇ ನಮ್ಮ ಹಾಲುಸಂಪಿಗೆಯ ಮೇಲೆ ಬಂದು ಕೂತಿದೆ.

ಇವೆಲ್ಲ ಕುಲ ಮತ್ತು ಜಾತಿಯ ಹೆಸರುಗಳು. ನೀವು ಕೇಳುತ್ತಿರುವುದು ತಳಿಯ ಹೆಸರಿನ ಬಗ್ಗೆ. ಅದರ ನಿಯಮಗಳು ಬೇರೆ. ಅವನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ಗುಂಪಿನಲ್ಲಿ ಇದ್ದಾರೆ.

ಹ್ಯೂಸ್ಟನ್ನಿನ ಹಿತ್ತಿಲು (ಮೇ 19)

ಮೇಷ್ಟ್ರು ನನ್ನ ಕಡೆಗೇ ಕೈ ತೋರಿಸಿರುವಂತಿದೆ. ಹನ್ನೊಂದು ವರ್ಷಗಳಿಂದ ಟೆಕ್ಸಾಸಿನಲ್ಲಿ ಈ ಗಿಡಗಳನ್ನು ಬೆಳೆಸುತ್ತಿದ್ದೇನೆ. ನವೆಂಬರಿನಲ್ಲಿ ಎಲ್ಲ ಕುಂಡಗಳನ್ನೂ ಗ್ಯಾರೇಜಿಗೆ ಎಳೆದು, ನಾಲ್ಕು ತಿಂಗಳು ನೀರನ್ನೇ ಕೊಡದೆ ಮಲಗಿಸಿ, ಮಾರ್ಚಿನಲ್ಲಿ ಮತ್ತೆ ಹೊರಗೆ ಎಳೆಯುವುದು ನಮ್ಮ ಮನೆಯ ವಾರ್ಷಿಕ ವ್ರತ. ವರ್ಷವಿಡೀ ಗಿಡವನ್ನು ಹೊರಗೇ ಬಿಡಬಲ್ಲ ಮೈಸೂರಿನವರನ್ನು ಕಂಡರೆ ಸ್ವಲ್ಪ ಹೊಟ್ಟೆಕಿಚ್ಚೂ ಇದೆ.

ಚಳಿಗಾಲದಲ್ಲಿ ಹಿಮ ಬೀಳಬಹುದಾದ ಈ ಊರಿನಲ್ಲೇ 1979ರಲ್ಲಿ ಪ್ಲುಮೇರಿಯಾ ಸೊಸೈಟಿ ಆಫ್ ಅಮೆರಿಕ ಹುಟ್ಟಿಕೊಂಡಿತು ಎಂಬುದು ವಿಚಿತ್ರವಾದರೂ ನಿಜ. ಇಡೀ ಜಗತ್ತಿನ ಪ್ಲುಮೇರಿಯಾ ತಳಿಗಳ ಹೆಸರುಗಳನ್ನು ನೋಂದಾಯಿಸುವ ಅಧಿಕೃತ ಸಂಸ್ಥೆ ಅದೇ. ಪ್ರತಿಯೊಂದು ಬಗೆಯ ಗಿಡಕ್ಕೂ ಇಂಥ ಒಂದೊಂದು ಸಂಸ್ಥೆಯನ್ನು ಗೊತ್ತುಮಾಡಲಾಗುತ್ತದೆ. ಬೋಗನ್‌ವಿಲ್ಲಾ ತಳಿಗಳ ನೋಂದಣಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪಾಲಿಗೆ ಬಂದಿದೆ. ಆದ್ದರಿಂದ ನಿಮ್ಮ ಪ್ರಶ್ನೆಗೆ ನೇರವಾದ ಉತ್ತರ: ಬೀಜ ಬಿತ್ತಿ, ಗಿಡ ಬೆಳೆಸಿ, ಅದು ಬೇರೆಲ್ಲೂ ಇಲ್ಲದ ಹೂವೆಂದು ಗುರುತಿಸಿದ ನಿಮಗೇ ಹೆಸರಿಡುವ ಹಕ್ಕಿದೆ. ಚಿತ್ರಗಳು, ಅಳತೆ, ಬಣ್ಣ, ಪರಿಮಳ, ಗೊತ್ತಿದ್ದರೆ ತಂದೆತಾಯಿ ಗಿಡಗಳ ವಿವರ, ಇಷ್ಟನ್ನು ಬರೆದು ಕಳಿಸಬೇಕಾಗುತ್ತದೆ. ಹೆಸರು ನೋಂದಣಿಯಾದ ಮಾತ್ರಕ್ಕೆ ಗಿಡದ ಒಡೆತನ ಸಿಗುವುದಿಲ್ಲ ಎಂಬುದನ್ನು ಮಾತ್ರ ಗಮನದಲ್ಲಿಡಿ. ಒಂದು ಹೆಸರನ್ನು ಇಬ್ಬರು ಬೇರೆ ಬೇರೆ ಗಿಡಗಳಿಗೆ ಇಡದಿರಲಿ ಎಂಬುದಷ್ಟೇ ಅದರ ಉದ್ದೇಶ.

ಮನೆಯವರ ಹೆಸರಿಡುವುದಕ್ಕೆ ಈ ಹೂವಿನ ಚರಿತ್ರೆಯಲ್ಲಿ ದೊಡ್ಡ ಪೂರ್ವನಿದರ್ಶನವೇ ಇದೆ. ಹವಾಯಿಯ ಕವಾಯಿ ದ್ವೀಪದಲ್ಲಿ ಕಬ್ಬಿನ ತೋಟವೊಂದರ ಮ್ಯಾನೇಜರಾಗಿದ್ದ ಬಿಲ್ ಮೊರಾಗ್ನ್ ಎಂಬವರು 1953ರಲ್ಲಿ ಈ ಹೂವಿಗೆ ಕೈಯಿಂದ ಪರಾಗಸ್ಪರ್ಶ ಮಾಡುವ ವಿಧಾನವನ್ನು ಕಂಡುಕೊಂಡರು. ಅದು ಸುಲಭದ ಕೆಲಸವಲ್ಲ. ಹೂವಿನ ಕೊಳವೆ ಸೂಜಿ ತೂರುವಷ್ಟು ಕಿರಿದು. ಕೇಸರಗಳೂ ಶಲಾಕಾಗ್ರವೂ ಅದರ ಬುಡದಲ್ಲಿ ಅಡಗಿ ಕೂತಿರುತ್ತವೆ, ಕೊಳವೆಯನ್ನು ಸೀಳದೆ ಅವು ಕಣ್ಣಿಗೇ ಬೀಳುವುದಿಲ್ಲ. ಅವರ ಸಸಿಗಳಲ್ಲಿ ಆರಿಸಿದವಕ್ಕೆ ಮನೆಯ ಹೆಣ್ಣುಮಕ್ಕಳ ಹೆಸರುಗಳೇ ಬಂದವು: ‘ಜೀನ್ ಮೊರಾಗ್ನ್’, ‘ಸ್ಯಾಲಿ ಮೊರಾಗ್ನ್’, ‘ಜೂಲಿ ಮೊರಾಗ್ನ್’ ಹೀಗೆ. ಇಂದಿಗೂ ಸಂಗ್ರಾಹಕರು ಅವನ್ನು ಹುಡುಕಿಕೊಂಡು ಹೋಗುತ್ತಾರೆ. ನಿಮ್ಮ ಅಜ್ಜಿಗೆ ಒಳ್ಳೆಯ ಜೊತೆಯೇ ಸಿಗುತ್ತದೆ.

ಆದರೆ ದಯವಿಟ್ಟು ಈ ವರ್ಷವೇ ಹೆಸರಿಡಬೇಡಿ. ಸಸಿಯ ಮೊದಲ ಹೂಗೊಂಚಲನ್ನು ನಂಬುವಂತಿಲ್ಲ. ಗಾತ್ರ ಚಿಕ್ಕದಿರಬಹುದು, ಬಣ್ಣ ಮುಂದಿನ ವರ್ಷ ಬದಲಾಗಬಹುದು. ಕನಿಷ್ಠ ಎರಡು ಮೂರು ಹೂಗಾಲ ನೋಡಿ, ಅದರ ಗೆಲ್ಲನ್ನು ಬೇರೂರಿಸಿ, ಆ ಮರಿ ಗಿಡದಲ್ಲೂ ಇದೇ ಹೂ ಬರುತ್ತದೆಯೇ ಎಂದು ಪರೀಕ್ಷಿಸಿದ ಮೇಲೆ ಹೆಸರಿನ ಮಾತು.

ಪುತ್ತೂರಿನ ಗೆಲ್ಲು (ಮೇ 19)

‘ಅಜ್ಟೆಕ್ ಗೋಲ್ಡ್’ ವಿಷಯಕ್ಕೆ ಒಂದು ಪ್ರಶ್ನೆ. ಗುಲಾಬಿ ಹೂ ಬಿಟ್ಟ ಗೆಲ್ಲು ಕಸಿಯ ಗಂಟಿನ ಮೇಲಿನಿಂದ ಬಂದಿದೆಯೋ, ಕೆಳಗಿನಿಂದಲೋ? ಕುಂಡದ ಮಣ್ಣಿನಿಂದ ನಾಲ್ಕೈದು ಬೆರಳು ಎತ್ತರದಲ್ಲಿ ಕಾಂಡದ ಮೇಲೆ ಓರೆಯಾದ ಅಥವಾ ಇಂಗ್ಲಿಷಿನ ‘ವಿ’ ಆಕಾರದ ಗಾಯದ ಗುರುತು ಕಾಣಬೇಕು. ಚೆನ್ನಾಗಿ ನೋಡಿ ತಿಳಿಸಿ.

ತಾರಸಿತೋಟ, ಮೈಸೂರು (ಮೇ 20)

ಪುತ್ತೂರಿನ ಅಣ್ಣ, ನೋಡಿದೆ. ಗುರುತಿನ ಮೇಲೆ ಮೂರು ಇಂಚಿನ ಒಣಗಿದ ಮೋಟು ಇದೆ, ಬೆರಳಿನಿಂದ ಒತ್ತಿದರೆ ಒಳಗೆ ಟೊಳ್ಳು. ಈಗ ಇರುವ ಎರಡೂ ಗೆಲ್ಲುಗಳು ಗುರುತಿನ ಕೆಳಗಿನಿಂದ ಎದ್ದಿವೆ.

ಪುತ್ತೂರಿನ ಗೆಲ್ಲು (ಮೇ 20)

ಹಾಗಾದರೆ ಚೀಟಿ ಸುಳ್ಳಾಗಿರಲಿಲ್ಲ. ಚೀಟಿಯಲ್ಲಿದ್ದ ಗಿಡ ಸತ್ತುಹೋಗಿದೆ, ಅದನ್ನು ಹೊತ್ತಿದ್ದ ಬೇರಿನ ಗಿಡ ಬದುಕಿದೆ. ಮೇಲಿನ ಕಸಿಕಡ್ಡಿ ಬಹುಶಃ ಮೊದಲ ಮಳೆಗಾಲದಲ್ಲೇ ಕೊಳೆತಿರಬೇಕು. ಬಣ್ಣ ತಿರುಗುತ್ತದೆ ಎಂದು ಹೇಳಿದವರ ಮಾತು ತಪ್ಪು, ಆದರೆ ಗಿಡ ಕೊಟ್ಟಾಗ ಅವರು ಮೋಸ ಮಾಡಿದ್ದರೆಂದು ಹೇಳಲಾಗದು. ಈಗ ನಿಮ್ಮಲ್ಲಿರುವುದು ಹೆಸರಿಲ್ಲದ ಗುಲಾಬಿ ದೇವಕಣಗಿಲೆ. ಇವತ್ತೇ ಆ ಚೀಟಿಯನ್ನು ಕಿತ್ತುಹಾಕಿ. ಇಲ್ಲವಾದರೆ ಅದರ ಗೆಲ್ಲನ್ನು ನೀವು ನಾಳೆ ಯಾರಿಗಾದರೂ ಕೊಡುವಿರಿ, ಅವರು ಮತ್ತೊಬ್ಬರಿಗೆ ಕೊಡುವರು, ಹತ್ತು ವರ್ಷಗಳಲ್ಲಿ ಮೈಸೂರಿನಲ್ಲೆಲ್ಲ ಗುಲಾಬಿ ಬಣ್ಣದ ‘ಅಜ್ಟೆಕ್ ಗೋಲ್ಡ್’ ತುಂಬಿರುತ್ತದೆ. ಹೆಸರುಗಳು ಕೆಡುವುದು ಹೆಚ್ಚಾಗಿ ಹೀಗೆಯೇ, ಯಾರ ದುರುದ್ದೇಶವೂ ಇಲ್ಲದೆ.

ತುಮಕೂರಿನ ಹೊಸಬ (ಮೇ 21)

ಹಿರಿಯರು ಮಾತನಾಡುವ ಜಾಗದಲ್ಲಿ ನಾನು ಹೊಸಬ, ತಪ್ಪಿದ್ದರೆ ಮನ್ನಿಸಿ. ಈ ಇಂಗ್ಲಿಷ್ ಹೆಸರುಗಳನ್ನೆಲ್ಲ ನಾವೇಕೆ ಹೊರಬೇಕು? ‘ಅಜ್ಟೆಕ್ ಗೋಲ್ಡ್’ ಅನ್ನು ಹೊಂಬಣ್ಣದ ದೇವಕಣಗಿಲೆ ಎಂದೂ, ‘ಸಿಂಗಪುರ್’ ಎಂಬ ಬಿಳಿಯದನ್ನು ಹಾಲ್ಬೆಳಕು ಎಂದೂ ಕನ್ನಡದಲ್ಲಿ ಕರೆದುಬಿಟ್ಟರೆ ನಮ್ಮ ಜನಕ್ಕೆ ಹತ್ತಿರವಾಗುವುದಿಲ್ಲವೇ? ಇನ್ನೊಂದು ಮಾತು: ನಮ್ಮ ಮನೆಯ ನಾಗಚಂಪಾ ಗಿಡದ ಹೂವಿಗೆ ಪರಿಮಳವೇ ಇಲ್ಲ. ಗೊಬ್ಬರ ಕಡಿಮೆಯಾಗಿರಬಹುದೇ?

ಧಾರವಾಡದ ಮೇಷ್ಟ್ರು (ಮೇ 21)

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ, ಅದು ಚಿಕ್ಕದು. ಹಾವಿನ ಹೆಡೆಯಂಥ ಎಲೆಯ ನಿಮ್ಮ ಗಿಡ ಪ್ಲುಮೇರಿಯಾ ಪುಡಿಕಾ ಎಂಬ ಬೇರೆಯೇ ಜಾತಿ. ಅದರ ಹೂವಿನಲ್ಲಿ ಹೇಳಿಕೊಳ್ಳುವಂಥ ಪರಿಮಳವಿರುವುದಿಲ್ಲ, ಗೊಬ್ಬರದಿಂದ ಬರುವುದೂ ಇಲ್ಲ. ಇದೇ ಸಂದರ್ಭದಲ್ಲಿ ಇನ್ನೊಂದು ಗೊಂದಲವನ್ನೂ ಹೇಳಿಬಿಡುತ್ತೇನೆ. ನರ್ಸರಿಗಳಲ್ಲಿ ಬಿಳಿ ಹೂವಿನದನ್ನೆಲ್ಲ ಆಲ್ಬಾ ಎಂದು ಮಾರುತ್ತಾರೆ. ಪ್ಲುಮೇರಿಯಾ ಆಲ್ಬಾ ಎಂಬ ಜಾತಿ ಇದೆ, ಅದರ ಎಲೆ ಕಿರಿದಾಗಿ ಉದ್ದವಾಗಿರುತ್ತದೆ. ನಮ್ಮ ದೇವಸ್ಥಾನಗಳ ಮುಂದಿರುವ ಬಿಳಿ ಹೂವಿನ, ಚೂಪು ತುದಿಯ ಅಗಲ ಎಲೆಯ ಮರ ಸಾಮಾನ್ಯವಾಗಿ ಪ್ಲುಮೇರಿಯಾ ರೂಬ್ರಾ. ರೂಬ್ರಾ ಎಂದರೆ ಕೆಂಪು ಎಂದರ್ಥವಿರುವುದರಿಂದ ಬಿಳಿ ಹೂ ಕಂಡವರು ಅದನ್ನು ಆ ಹೆಸರಿನಿಂದ ಕರೆಯಲು ಹಿಂಜರಿಯುತ್ತಾರೆ. ಎಲೆಯ ತುದಿ ದುಂಡಗಿದ್ದು, ಚಳಿಗಾಲದಲ್ಲೂ ಎಲೆ ಅಷ್ಟಾಗಿ ಉದುರದಿದ್ದರೆ ಅದು ಪ್ಲುಮೇರಿಯಾ ಅಬ್ಟೂಸಾ ಆಗಿರುವ ಸಂಭವ ಹೆಚ್ಚು. ನೀವು ಹೇಳಿದ ‘ಸಿಂಗಪುರ್’ ಈ ಅಬ್ಟೂಸಾದ್ದೇ. ಅದು ಸಿಂಗಪುರದಲ್ಲಿ ಹುಟ್ಟಿದ್ದೂ ಅಲ್ಲ. ಈ ಜಾತಿಯ ಮೂಲ ಕೆರಿಬಿಯನ್ ಕಡೆಯದು; 1931ರಲ್ಲಿ ಸಿಂಗಪುರದಿಂದ ಹವಾಯಿಗೆ ತರಿಸಿಕೊಂಡಾಗ, ಬಂದ ಊರಿನ ಹೆಸರೇ ಅದಕ್ಕೆ ಅಂಟಿಕೊಂಡಿತು. ನಮ್ಮಲ್ಲಿ ಹೆಣ್ಣುಮಕ್ಕಳನ್ನು ತೌರೂರಿನ ಹೆಸರು ಸೇರಿಸಿ ಕರೆಯುವುದಿಲ್ಲವೇ, ಹಾಗೆ.

ಮೊದಲನೆಯ ಪ್ರಶ್ನೆಯ ಬಗ್ಗೆ ನನಗೆ ನಿಮ್ಮ ಮೇಲೆ ಸಹಾನುಭೂತಿಯಿದೆ. ಥಾಯ್ಲೆಂಡಿನಲ್ಲಿ ಈ ಗಿಡದ ಹಳೆಯ ಹೆಸರು ಲನ್ತೋಮ್. ಅದು ದುಃಖವನ್ನು ಸೂಚಿಸುವ ಅವರ ಮಾತೊಂದಕ್ಕೆ ಹತ್ತಿರದ ಉಚ್ಚಾರವಾದ್ದರಿಂದ ಮನೆಗಳಲ್ಲಿ ಯಾರೂ ಬೆಳೆಸುತ್ತಿರಲಿಲ್ಲ. ಲೀಲಾವದಿ ಎಂಬ ಹೊಸ ಹೆಸರು ಬಳಕೆಗೆ ಬಂದ ಮೇಲೆ ಅದೇ ಗಿಡ ಅಂಗಳಗಳಿಗೂ ಹೋಟೆಲುಗಳಿಗೂ ಬಂದಿತು. ನಮ್ಮ ಲೀಲಾವತಿಯೇ ಅದು! ಮೈಸೂರಿನವರ ಅಜ್ಜಿಗೆ ಯಾರಾದರೂ ಇದನ್ನು ಲೀಲಾವತಿ ಎಂದು ಪರಿಚಯಿಸಿದ್ದರೆ ಅಂಗಳದಲ್ಲಿ ಒಂದು ಪಾತಿ ಸಿಗುತ್ತಿತ್ತೋ ಏನೋ.

ಹ್ಯೂಸ್ಟನ್ನಿನ ಹಿತ್ತಿಲು (ಮೇ 22)

ಮೇಷ್ಟ್ರೇ, ಸಹಾನುಭೂತಿ ಇರಲಿ, ಆದರೆ ಥಾಯ್ ಜನ ಬದಲಾಯಿಸಿದ್ದು ಇಡೀ ಗಿಡದ ರೂಢಿಯ ಹೆಸರನ್ನು. ತುಮಕೂರಿನ ತಮ್ಮ ಕೇಳುತ್ತಿರುವುದು ತಳಿಯ ಹೆಸರನ್ನು ಅನುವಾದಿಸುವ ಬಗ್ಗೆ. ಇವೆರಡನ್ನೂ ಬೆರೆಸಬಾರದು.

ದೇವಕಣಗಿಲೆಯ ತಳಿ ಎಂದರೆ ಒಂದೇ ಒಂದು ಸಸಿಯಿಂದ ಗೆಲ್ಲು ಕತ್ತರಿಸಿಯೋ ಕಸಿ ಕಟ್ಟಿಯೋ ಹಬ್ಬಿದ ಸಂತಾನ. ಜಗತ್ತಿನಲ್ಲಿರುವ ಪ್ರತಿಯೊಂದು ‘ಜೀನ್ ಮೊರಾಗ್ನ್’ ಗಿಡವೂ ಕವಾಯಿ ದ್ವೀಪದ ಆ ಒಂದೇ ಮರದ ತುಂಡು. ಅದರ ಬೀಜ ಬಿತ್ತಿದರೆ ಬರುವುದು ‘ಜೀನ್ ಮೊರಾಗ್ನ್’ ಅಲ್ಲ, ಅದರ ಮಗು. ಆದ್ದರಿಂದ ತಳಿಯ ಹೆಸರು ಬಣ್ಣದ ವರ್ಣನೆಯಲ್ಲ, ಒಬ್ಬ ವ್ಯಕ್ತಿಯ ಹೆಸರಿನಂತೆ. ವ್ಯಕ್ತಿಯ ಹೆಸರನ್ನು ಯಾರೂ ಅನುವಾದಿಸುವುದಿಲ್ಲ. ಕೃಷಿ ಸಸ್ಯಗಳ ನಾಮಕರಣದ ಅಂತರರಾಷ್ಟ್ರೀಯ ನಿಯಮಾವಳಿಯೂ ಇದನ್ನೇ ಹೇಳುತ್ತದೆ: ಲಿಪಿ ಬದಲಾಯಿಸಿ ಬರೆಯಬಹುದು, ಆದರೆ ಭಾಷಾಂತರಿಸಿದರೆ ಅದು ಕೇವಲ ವ್ಯಾಪಾರದ ಹೆಸರಾಗುತ್ತದೆ. ಅದೇ ನಿಯಮಾವಳಿಯ ಪ್ರಕಾರ 1959ರ ಜನವರಿ 1ರಿಂದ ಈಚೆಗೆ ತಳಿಗಳಿಗೆ ಲ್ಯಾಟಿನ್ ಹೆಸರು ಇಡುವಂತಿಲ್ಲ, ಜೀವಂತ ಭಾಷೆಯ ಹೆಸರೇ ಬೇಕು. ಅಂದರೆ ಬಾಗಿಲು ಕನ್ನಡಕ್ಕೆ ತೆರೆದೇ ಇದೆ. ಇರುವ ಹೆಸರನ್ನು ಅಳಿಸಿ ಕನ್ನಡ ತರುವ ಬದಲು, ಹೊಸ ಸಸಿ ಬೆಳೆಸಿ ಕನ್ನಡದ ಹೆಸರಿಡಿ. ಹ್ಯೂಸ್ಟನ್ನಿನವರು ನಾಲಿಗೆ ಹೊರಳಿಸಿಕೊಂಡು ಅದನ್ನು ಹಾಗೆಯೇ ಉಚ್ಚರಿಸಲಿ.

ಪುತ್ತೂರಿನ ಗೆಲ್ಲು (ಮೇ 22)

ಹ್ಯೂಸ್ಟನ್ನಿನ ಅಕ್ಕ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಪೂರ್ತಿಯಾಗಿ ಅಲ್ಲ. ಊರವರು ಇಟ್ಟ ಹೆಸರುಗಳನ್ನು ಇಷ್ಟು ಬೇಗ ತಳ್ಳಿಹಾಕುವುದು ನನಗೆ ಸರಿಕಾಣುವುದಿಲ್ಲ. ಆಪೂಸನ್ನು ನಮ್ಮಲ್ಲಿ ಬಾದಾಮಿ ಎನ್ನುತ್ತಾರೆ, ತೋತಾಪುರಿಯನ್ನು ಗಿಣಿಮೂತಿ ಎನ್ನುತ್ತಾರೆ. ಯಾವ ಸಂಸ್ಥೆಯೂ ನೋಂದಾಯಿಸದಿದ್ದರೂ ಹಣ್ಣು ಕೊಳ್ಳುವವನಿಗೆ ಒಂದು ದಿನವೂ ಗೊಂದಲವಾಗಿಲ್ಲ. ಗಿಣಿಮೂತಿ ಎಂದ ಕೂಡಲೇ ಹಣ್ಣಿನ ಆಕಾರ ಕಣ್ಣೆದುರು ಬರುತ್ತದೆ. ‘ಅಜ್ಟೆಕ್ ಗೋಲ್ಡ್’ ಎಂದರೆ ಏನು ಬರುತ್ತದೆ?

ಹ್ಯೂಸ್ಟನ್ನಿನ ಹಿತ್ತಿಲು (ಮೇ 22)

ಗೊಂದಲವಾಗದಿರುವುದಕ್ಕೆ ಕಾರಣ, ಬಾದಾಮಿಯನ್ನು ಬಾಯಿಗಿಟ್ಟ ಕೂಡಲೇ ಗೊತ್ತಾಗುತ್ತದೆ. ದೇವಕಣಗಿಲೆಯ ಗೆಲ್ಲನ್ನು ಕೊಳ್ಳುವವನ ಕೈಯಲ್ಲಿರುವುದು ಎಲೆಯಿಲ್ಲದ ಬೂದು ಕೋಲು. ಹೂ ನೋಡಲು ಒಂದೆರಡು ವರ್ಷ ಕಾಯಬೇಕು. ಅಲ್ಲಿಯವರೆಗೆ ಅವನಿಗಿರುವ ಆಧಾರ ಚೀಟಿ ಮಾತ್ರ.

ಪುತ್ತೂರಿನ ಗೆಲ್ಲು (ಮೇ 23)

ಇದು ಒಪ್ಪತಕ್ಕ ಮಾತು. ನಾನೂ ಒಮ್ಮೆ ಬಿಸಿಲೇರಿದ ಬಸ್‌ಸ್ಟ್ಯಾಂಡಿನಲ್ಲಿ ಅಂಥ ಏಳು ಕೋಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಗ, ಕಟ್ಟಿದ್ದ ಕಾಗದದ ಚೀಟಿಗಳೆಲ್ಲ ಹಾಲು ಸುರಿದು ಅಂಟಿಕೊಂಡು ಹರಿದುಹೋಗಿದ್ದವು. ಯಾವುದು ಯಾವುದೆಂದು ತಿಳಿಯಲು ಮೂರು ವರ್ಷ ಹಿಡಿಯಿತು.

ಮೈಸೂರಿನವರೇ, ಗೆಲ್ಲು ತೆಗೆಯುವ ಬಗ್ಗೆ ಹೇಳುತ್ತೇನೆ. ಈಗ ಮಳೆ ಎದುರಿಗಿದೆ, ಮುಟ್ಟಬೇಡಿ. ಫೆಬ್ರವರಿಯಲ್ಲಿ, ಗಿಡ ಎಲೆ ಉದುರಿಸಿ ಮಲಗಿರುವಾಗ, ಹಸಿರು ಬಿಟ್ಟು ಬೂದು ಬಣ್ಣಕ್ಕೆ ತಿರುಗಿದ, ಗೇಣಿಗಿಂತ ಸ್ವಲ್ಪ ಉದ್ದದ ತುದಿಗಳನ್ನು ಚೂಪಾದ ಕತ್ತಿಯಿಂದ ಒಂದೇ ಏಟಿಗೆ ಕತ್ತರಿಸಿ. ಹಾಲು ಚರ್ಮಕ್ಕೂ ಕಣ್ಣಿಗೂ ತಾಗದಿರಲಿ, ಉರಿಯುತ್ತದೆ. ಕತ್ತರಿಸಿದ ತುದಿಯನ್ನು ನೆರಳಿನಲ್ಲಿ ಎರಡು ವಾರ ಒಣಗಿಸಿ. ಬೆರಳಿನಿಂದ ತಟ್ಟಿದರೆ ಒಣಗಿದ ಕೊಬ್ಬರಿಯ ಚಿಪ್ಪಿನಂತೆ ಗಟ್ಟಿಯಾಗಿರಬೇಕು. ಆಮೇಲೆ ದಪ್ಪ ಮರಳು ಹೆಚ್ಚಾಗಿರುವ ಮಣ್ಣಿನಲ್ಲಿ ನಾಲ್ಕು ಬೆರಳು ಆಳಕ್ಕೆ ನೆಟ್ಟು, ಒಮ್ಮೆ ನೀರು ಕೊಟ್ಟು, ಎಲೆ ಬಿಡುವವರೆಗೆ ಮರೆತುಬಿಡಿ. ಈ ಗಿಡವನ್ನು ಕೊಲ್ಲುವುದು ಹೆಚ್ಚಾಗಿ ಅಕ್ಕರೆಯೇ. ಬೇರು ಬರುವ ಮೊದಲು ದಿನವೂ ನೀರು ಹಾಕಿದರೆ ಬುಡ ಕಪ್ಪಾಗಿ ಮೆತ್ತಗಾಗುತ್ತದೆ. ಹಾಗಾದರೆ ಕಪ್ಪು ಕಲೆ ಪೂರ್ತಿ ಹೋಗಿ ಬಿಳಿ ತಿರುಳು ಕಾಣುವವರೆಗೆ ಮೇಲಕ್ಕೆ ಕತ್ತರಿಸಿ, ಮತ್ತೆ ಒಣಗಿಸುವುದೊಂದೇ ದಾರಿ. ಮಳೆಗಾಲದಲ್ಲಿ ಎಲೆಯ ಕೆಳಗೆ ಕಿತ್ತಳೆ ಬಣ್ಣದ ಪುಡಿ ಕಂಡರೆ ಗಾಬರಿಯಾಗಬೇಡಿ, ಅದು ತುಕ್ಕುರೋಗ. ಅಂಥ ಎಲೆಗಳನ್ನು ಕಿತ್ತು ಸುಟ್ಟರೆ ಸಾಕು, ಗಿಡ ಸಾಯುವುದಿಲ್ಲ.

ತಾರಸಿತೋಟ, ಮೈಸೂರು (ಮೇ 24)

ಎಲ್ಲರಿಗೂ ಕೃತಜ್ಞತೆಗಳು. ಸದ್ಯಕ್ಕೆ ಗಿಡಕ್ಕೆ ‘ಕುಂಡ 4’ ಎಂಬ ಹೆಸರೇ ಇರಲಿ. ‘ಅಜ್ಟೆಕ್ ಗೋಲ್ಡ್’ ಚೀಟಿಯನ್ನು ಕಿತ್ತಿದ್ದೇನೆ. ಅದರ ಜಾಗದಲ್ಲಿ ‘ಗುಲಾಬಿ, ಬೇರಿನ ಗಿಡ, ಹೆಸರಿಲ್ಲ’ ಎಂದು ಬರೆದಿದ್ದೇನೆ.

ತಾರಸಿತೋಟ, ಮೈಸೂರು (ಮರುವರ್ಷ, ಏಪ್ರಿಲ್ 27)

ಹಳೆಯ ಚರ್ಚೆಯನ್ನು ಮತ್ತೆ ಮೇಲಕ್ಕೆ ತರುತ್ತಿದ್ದೇನೆ, ಕ್ಷಮಿಸಿ. ಫೆಬ್ರವರಿ ಮೊದಲ ವಾರದಲ್ಲಿ ‘ಕುಂಡ 4’ರಿಂದ ಮೂರು ಗೆಲ್ಲುಗಳನ್ನು ಕತ್ತರಿಸಿದೆ. ಒಂದಕ್ಕೆ ಮನಸ್ಸು ತಡೆಯದೆ ನಡುವೆ ನೀರು ಹಾಕಿದ್ದರಿಂದ ಅದು ಪುತ್ತೂರಿನ ಅಣ್ಣ ಹೇಳಿದಂತೆಯೇ ಕಪ್ಪಾಗಿ ಹೋಯಿತು. ಉಳಿದೆರಡರ ತುದಿಯಲ್ಲಿ ಗಿಣಿಯ ಕೊಕ್ಕಿನಷ್ಟು ಎಲೆ ಮೂಡಿದೆ.

‘ಕುಂಡ 4’ರ ಗಿಡದಲ್ಲಿ ಈ ಬಾರಿ ಎರಡು ಗೊಂಚಲು ಬಂದಿವೆ. ಆದರೆ ಈ ಏಪ್ರಿಲ್ ಬಿಸಿಲಿನಲ್ಲಿ ಅರಳಿದ ಮೊದಲ ಹೂಗಳಲ್ಲಿ ಕುಂಕುಮದ ಅಂಚು ಬಹುತೇಕ ಮಾಯವಾಗಿತ್ತು. ಬಿಳಿಯ ಮೇಲೆ ಮಸುಕಾದ ನೆರಳಿನಂತೆ ಮಾತ್ರ ಇತ್ತು. ಕಳೆದ ವಾರ ಎರಡು ಮಳೆ ಬಿದ್ದ ಮೇಲೆ ಅರಳಿದ ಹೂಗಳಲ್ಲಿ ಅಂಚು ಮತ್ತೆ ಕೆಂಪಾಗಿದೆ, ಹೋದ ವರ್ಷಕ್ಕಿಂತ ಅಗಲವೂ ಆಗಿದೆ. ನಿಂಬೆಯ ವಾಸನೆ ಮಾತ್ರ ಎರಡು ವರ್ಷವೂ ಬದಲಾಗಿಲ್ಲ. ಆಗಲೇ ಹೆಸರಿಟ್ಟು ವಿವರ ಕಳಿಸಿದ್ದರೆ ಅರ್ಧ ತಪ್ಪು ಬರೆದಂತಾಗುತ್ತಿತ್ತು.

ಹ್ಯೂಸ್ಟನ್ನಿನ ಹಿತ್ತಿಲು (ಏಪ್ರಿಲ್ 28)

ಶಾಖ ಹೆಚ್ಚಾದಾಗ ಬಣ್ಣ ಮಾಸುವುದು ಇಲ್ಲಿಯೂ ಉಂಟು, ಆಗಸ್ಟಿನಲ್ಲಿ ನನ್ನ ಕೆಂಪು ಗಿಡಗಳನ್ನು ಗುರುತಿಸುವುದೇ ಕಷ್ಟ. ಎರಡೂ ರೂಪಗಳ ಚಿತ್ರವನ್ನು ದಿನಾಂಕದೊಂದಿಗೆ ತೆಗೆದಿಡಿ. ಪರಿಮಳ ಸ್ಥಿರವಾಗಿರುವುದು ಒಳ್ಳೆಯ ಲಕ್ಷಣ. ಮರಿಗಳು ಹೂ ಬಿಡುವವರೆಗೆ ತಡೆಯಿರಿ.

ತಾರಸಿತೋಟ, ಮೈಸೂರು (ಏಪ್ರಿಲ್ 28)

ತಡೆಯುತ್ತೇನೆ, ಅಕ್ಕ. ಅಜ್ಜಿಯ ಹೆಸರನ್ನು ಒಂದು ಕಾಗದದಲ್ಲಿ ಬರೆದು ತೆಗೆದಿಟ್ಟಿದ್ದೇನೆ. ಈಗ ನನಗಿರುವ ತೊಂದರೆ ಬೇರೆ: ಪ್ಲಾಸ್ಟಿಕ್ ಪಟ್ಟಿಯ ಮೇಲೆ ಮಾರ್ಕರಿನಿಂದ ಬರೆದದ್ದು ಈ ತಾರಸಿಯ ಬಿಸಿಲಿಗೆ ಹತ್ತೇ ತಿಂಗಳಲ್ಲಿ ಅಳಿಸಿಹೋಗಿದೆ. ಮಳೆಬಿಸಿಲಿಗೆ ಉಳಿಯುವಂತೆ ಯಾರು ಏನು ಬಳಸುತ್ತೀರಿ?

ಪುತ್ತೂರಿನ ಗೆಲ್ಲು (ಏಪ್ರಿಲ್ 29)

ಸೋಡಾ ಡಬ್ಬಿಯ ಅಲ್ಯೂಮಿನಿಯಂ ತಗಡನ್ನು ಎರಡು ಬೆರಳಗಲಕ್ಕೆ ಕತ್ತರಿಸಿ, ಹಳೆಯ ಪತ್ರಿಕೆಯ ಮೇಲಿಟ್ಟು, ಶಾಯಿ ಮುಗಿದ ಬಾಲ್ ಪೆನ್ನಿನಿಂದ ಒತ್ತಿ ಬರೆಯಿರಿ. ಅಕ್ಷರ ತಗಡಿನಲ್ಲಿ ಕೊರೆದು ನಿಲ್ಲುತ್ತದೆ. ತಂತಿಯಿಂದ ಸಡಿಲವಾಗಿ ಕಟ್ಟಿ, ಕಾಂಡ ದಪ್ಪವಾಗುತ್ತದೆ. ನನ್ನ ಪಟ್ಟಿಗಳು ಎಂಟು ಮಳೆಗಾಲ ಕಂಡಿವೆ.